‘ಉಳಿಸು’ ಎಂದರೂ ಉಳಿಯದಿದ್ದಾಗ: ಶೆಲ್‌ನ ಅಲಿಯಾಸ್ ಮತ್ತು ಕೋಟ್‌ಗಳ ದೋಷ ನಿವಾರಣೆ

ಬದಿಯಡ್ಕ ಪೇಟೆಯಲ್ಲಿ ನಮ್ಮದೊಂದು ಸಣ್ಣ ಡಿ.ಟಿ.ಪಿ. ಅಂಗಡಿ ಇದೆ. ಬ್ರಹ್ಮಕಲಶೋತ್ಸವದ ಆಮಂತ್ರಣ, ಶಾಲೆಗಳ ಸ್ಮರಣ ಸಂಚಿಕೆ, ತಾಳಮದ್ದಳೆಯ ಕರಪತ್ರ, ಮದುವೆ ಕಾಗದ, ವರ್ಷವಿಡೀ ಇದೇ ಕೆಲಸ. ಕಂಪ್ಯೂಟರ್‌ಗಳಲ್ಲಿ ಇರುವುದು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ. ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಕೊಡುವುದೂ ಉಬುಂಟುವನ್ನೇ ಆಧರಿಸಿದ ವ್ಯವಸ್ಥೆ. ಇಲ್ಲಿನ ಕನ್ನಡ ಶಾಲೆಗಳಿಂದ ಬರುವ ಹುಡುಗರಿಗೆ ಅದು ಮೊದಲೇ ಕೈಗೆ ಒಗ್ಗಿರುತ್ತದೆ.

ಟೈಪಿಂಗ್ ನೋಡಿಕೊಳ್ಳುವ ಅಕ್ಕ ಬೆಳಗ್ಗಿನಿಂದ ಸಂಜೆಯವರೆಗೆ ಕೀಲಿಮಣೆಯನ್ನು ಕನ್ನಡದಲ್ಲಿ, ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿಯೇ ಇಟ್ಟಿರುತ್ತಾರೆ. ಒಂದು ಆಜ್ಞೆಗಾಗಿ ಇಂಗ್ಲಿಷಿಗೆ ಹೋಗಿ ಮತ್ತೆ ಕನ್ನಡಕ್ಕೆ ಮರಳುವುದು ಅವರಿಗೆ ಕಿರಿಕಿರಿ. ಅದಕ್ಕೆ ನಾನು ಕನ್ನಡದ ಹೆಸರುಗಳನ್ನೇ ಅಲಿಯಾಸ್, ಅಂದರೆ ಆಜ್ಞೆಗಳಿಗೆ ನಾವೇ ಇಡುವ ಅಡ್ಡಹೆಸರು, ಮಾಡಿಕೊಟ್ಟಿದ್ದೆ: ಪಟ್ಟಿ, ಉಳಿಸು, ಅಳಿಸು. ಟರ್ಮಿನಲ್‌ನಲ್ಲಿ ಹೊಡೆದ ಆಜ್ಞೆಗಳನ್ನು ಓದಿ ನಡೆಸುವ ಬ್ಯಾಷ್ ಶೆಲ್ ಇದಕ್ಕೆ ಚಕಾರವೆತ್ತುವುದಿಲ್ಲ. ಅಲಿಯಾಸ್‌ನ ಹೆಸರಿನಲ್ಲಿ ಓರೆಗೆರೆ, ಡಾಲರ್, ಸಮ ಚಿಹ್ನೆ, ಕೋಟ್‌ಗಳು, ಖಾಲಿ ಜಾಗ ಇಂಥವು ಇರಬಾರದು, ಅಷ್ಟೇ; ಕನ್ನಡ ಅಕ್ಷರ ಧಾರಾಳವಾಗಿ ಇರಬಹುದು.

ಮಳೆಗಾಲ ಶುರುವಾಗುವ ಹೊತ್ತಿಗೆ ಒಬ್ಬರು ಹಿಂದಿನ ವರ್ಷದ ಸ್ಮರಣ ಸಂಚಿಕೆಯ ಮೂಲ ಕಡತ ಕೇಳಿಕೊಂಡು ಬಂದರು. ಡಿಸ್ಕ್‌ನಲ್ಲಿದ್ದುದು ಅಳಿಸಿಹೋಗಿತ್ತು. ಚಿಂತೆಯಿಲ್ಲ ಎಂದು ಪೆನ್ ಡ್ರೈವ್ ತೆರೆದರೆ ಅಲ್ಲಿ ಸಂಚಿಕೆಯೂ ಇಲ್ಲ, ಆಮಂತ್ರಣವೂ ಇಲ್ಲ. ಇದ್ದುದು ಯಾರೋ ಇಳಿಸಿಕೊಂಡ ನಾಲ್ಕು ಚಿತ್ರಗಳು, ಬ್ರೌಸರ್‌ನ ಸೆಟ್ಟಿಂಗ್‌ಗಳು.

“ಅಣ್ಣ, ನಾನು ದಿನಾ ಸಂಜೆ ಉಳಿಸು ಹೊಡೆದೇ ಮನೆಗೆ ಹೋಗಿದ್ದೇನೆ. ಒಂದು ದಿನವೂ ತಪ್ಪಿಸಲಿಲ್ಲ” ಎಂದರು ಅಕ್ಕ.

ಅವರು ಹೇಳಿದ್ದು ನಿಜ. ತಪ್ಪು ನನ್ನದು, ಅದೂ ಒಂದೇ ಒಂದು ಜೋಡಿ ಚಿಹ್ನೆಯದು. ಆ ತಪ್ಪನ್ನೂ ಅದರ ಬೆನ್ನಿಗೆ ಒಂದೊಂದಾಗಿ ಹೊರಬಿದ್ದ ಉಳಿದವನ್ನೂ ಹೇಗೆ ಹಿಡಿದೆ ಎಂದು ಇಲ್ಲಿ ಬರೆದಿಟ್ಟಿದ್ದೇನೆ. ಆಜ್ಞೆಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ: ಸಿಪಿ (ನಕಲಿಸಲು), ಎಲ್‌ಎಸ್ (ಪಟ್ಟಿ ತೋರಿಸಲು), ಆರ್‌ಎಂ (ಅಳಿಸಲು) ಹೀಗೆ. ಯಂತ್ರಕ್ಕೆ ಕೊಡುವಾಗ ಅವು ಇಂಗ್ಲಿಷ್ ಅಕ್ಷರಗಳಲ್ಲಿಯೇ ಇರಬೇಕು. ಕಡತಗಳ ಮತ್ತು ಅಲಿಯಾಸ್‌ಗಳ ಹೆಸರುಗಳು ಮಾತ್ರ ನಮ್ಮಲ್ಲಿ ನಿಜವಾಗಿಯೂ ಕನ್ನಡದಲ್ಲಿಯೇ ಇವೆ.

ಮೊದಲು ನೋಡಬೇಕಾದದ್ದು: ಶೆಲ್ ಕೈಗೆ ಸಿಕ್ಕಿದ್ದೇನು?

ನಾನು ಬರೆದಿದ್ದ ಸಾಲು ಇದು:

ಅಲಿಯಾಸ್ ಉಳಿಸು="ಸಿಪಿ -ಆರ್ $ಪಿಡಬ್ಲ್ಯುಡಿ /ಮೀಡಿಯಾ/ಅಂಗಡಿ/ಪೆನ್/ಕಾಪು"

ಇಲ್ಲಿ ಪಿಡಬ್ಲ್ಯುಡಿ ಎಂದರೆ ರಸ್ತೆ ಮಾಡುವ ಇಲಾಖೆಯಲ್ಲ. ನಾವು ಈಗ ಯಾವ ಫೋಲ್ಡರ್‌ನಲ್ಲಿ ನಿಂತಿದ್ದೇವೆ ಎಂಬುದನ್ನು ಶೆಲ್ ನೆನಪಿಟ್ಟುಕೊಳ್ಳುವ ಹೆಸರು. ನಿಂತಲ್ಲಿಂದ ಎಲ್ಲವನ್ನೂ ಪೆನ್ ಡ್ರೈವ್‌ನ ಕಾಪು ಎಂಬ ಫೋಲ್ಡರ್‌ಗೆ ನಕಲಿಸು ಎಂಬುದು ನನ್ನ ಉದ್ದೇಶ. ಓದಿದರೆ ಎಲ್ಲಿಯೂ ತಪ್ಪು ಕಾಣುವುದಿಲ್ಲ. ಓದುತ್ತಾ ಕುಳಿತರೆ ಕಾಣುವುದೂ ಇಲ್ಲ, ಏಕೆಂದರೆ ನಾವು ಓದುವುದು ಬರೆದದ್ದನ್ನು. ಶೆಲ್ ನಡೆಸುವುದು ತನಗೆ ಉಳಿದದ್ದನ್ನು. ಆದ್ದರಿಂದ ಅದನ್ನೇ ಕೇಳಬೇಕು:

ಟೈಪ್ ಉಳಿಸು

ಉತ್ತರ ಬಂತು: ಉಳಿಸು ಎಂಬುದು ‘ಸಿಪಿ -ಆರ್ /ಹೋಮ್/ಅಂಗಡಿ /ಮೀಡಿಯಾ/ಅಂಗಡಿ/ಪೆನ್/ಕಾಪು’ ಎಂಬುದರ ಅಲಿಯಾಸ್. ಡಾಲರ್ ಚಿಹ್ನೆ ಎಲ್ಲಿಯೂ ಇಲ್ಲ! ಅದರ ಜಾಗದಲ್ಲಿ ಹೋಮ್ ಫೋಲ್ಡರ್‌ನ ಹೆಸರು ಕಲ್ಲಿನಲ್ಲಿ ಕೆತ್ತಿದಂತೆ ಕುಳಿತಿದೆ. ನಮ್ಮ ಕೆಲಸದ ಕಡತಗಳಿರುವುದು ಬೇರೆ ಡಿಸ್ಕ್‌ನ /ಡೇಟಾ ಎಂಬಲ್ಲಿ. ಅಕ್ಕ ದಿನವೂ ಅಲ್ಲಿಗೆ ಹೋಗಿ ಉಳಿಸು ಎಂದಿದ್ದಾರೆ. ಶೆಲ್ ದಿನವೂ ಹೋಮ್ ಅನ್ನು ನಕಲಿಸಿದೆ. ದೋಷ ಸಂದೇಶ ಬರಲು ಕಾರಣವೇ ಇರಲಿಲ್ಲ, ಆಜ್ಞೆಯೇನೋ ಯಶಸ್ವಿಯಾಗಿಯೇ ನಡೆದಿತ್ತು.

ಕಾರಣ ಇಷ್ಟು. ಡಬಲ್ ಕೋಟ್‌ನ ಒಳಗಿದ್ದರೂ ಡಾಲರ್‌ಗೆ ಜೀವ ಇರುತ್ತದೆ. ಟರ್ಮಿನಲ್ ತೆರೆದ ಕೂಡಲೇ ಶೆಲ್ ಬ್ಯಾಷ್‌ಆರ್‌ಸಿ ಎಂಬ ಕಡತವನ್ನು ಓದುತ್ತದೆ, ಅಲಿಯಾಸ್‌ನ ಸಾಲು ಅಲ್ಲಿದೆ. ಆ ಕ್ಷಣದಲ್ಲಿ ನಿಂತಿರುವ ಜಾಗ ಹೋಮ್. ಬೆಲೆಯನ್ನು ಆಗಲೇ ತುಂಬಿಸಿ, ಆ ಸಿದ್ಧ ಪಠ್ಯವನ್ನು ಉಳಿಸು ಎಂಬ ಹೆಸರಿಗೆ ಕಟ್ಟಿಬಿಟ್ಟಿತು. ದಿನಾಂಕ ತೋರಿಸುವ ಅಲಿಯಾಸ್ ಬರೆದವರೂ ಇದೇ ಗುಂಡಿಗೆ ಬೀಳುತ್ತಾರೆ: ಬೆಳಗ್ಗೆ ಟರ್ಮಿನಲ್ ತೆರೆದ ಗಂಟೆಯನ್ನೇ ಅದು ಸಂಜೆಯವರೆಗೂ ಹೇಳುತ್ತಿರುತ್ತದೆ.

ತೆಂಗಿನಕಾಯಿಗೆ ಹೊರಗೆ ಸಿಪ್ಪೆ, ಒಳಗೆ ಗೆರಟೆ. ಅಲಿಯಾಸ್‌ನ ಸಾಲೂ ಹಾಗೆಯೇ ಎರಡು ಸಲ ಸುಲಿಸಿಕೊಳ್ಳುತ್ತದೆ. ಹೆಸರಿಡುವಾಗ ಶೆಲ್ ಒಮ್ಮೆ ಓದುತ್ತದೆ, ಸಿಪ್ಪೆ ಹೋಯಿತು. ಹೆಸರು ಹಿಡಿದು ಕರೆದಾಗ ಇನ್ನೊಮ್ಮೆ ಓದುತ್ತದೆ, ಗೆರಟೆ ಒಡೆಯಿತು. ನಾನು ಒಂದೇ ಹೊದಿಕೆ ಹಾಕಿದ್ದೆ, ಅದೂ ನೀರು ಸೋರುವಂಥದ್ದು. ಬೇಕಾದದ್ದು ಹೀಗೆ:

ಅಲಿಯಾಸ್ ಉಳಿಸು='ಸಿಪಿ -ಆರ್ "$ಪಿಡಬ್ಲ್ಯುಡಿ" /ಮೀಡಿಯಾ/ಅಂಗಡಿ/ಪೆನ್/ಕಾಪು'

ಹೊರಗಿನ ಸಿಂಗಲ್ ಕೋಟ್ ಮೊದಲ ಓದಿನಲ್ಲಿ ಒಳಗಿನ ಏನನ್ನೂ ಮುಟ್ಟಲು ಬಿಡುವುದಿಲ್ಲ. ಒಳಗಿನ ಡಬಲ್ ಕೋಟ್ ಎರಡನೆಯ ಓದಿಗೆ. ತಿದ್ದಿದ ಮೇಲೆ ಹಳೆಯ ಟರ್ಮಿನಲ್‌ನಲ್ಲಿ ಪರೀಕ್ಷಿಸಿ ‘ಸರಿಯಾಗಲಿಲ್ಲ’ ಎಂದು ತಲೆ ಕೆಡಿಸಿಕೊಳ್ಳಬೇಡಿ. ತೆರೆದಿರುವ ಶೆಲ್‌ಗೆ ಹಳೆಯ ಅರ್ಥವೇ ಗೊತ್ತು. ಸೋರ್ಸ್ ಆಜ್ಞೆಯಿಂದ ಕಡತವನ್ನು ಮತ್ತೆ ಓದಿಸಿ, ಇಲ್ಲವೇ ಹೊಸ ಟರ್ಮಿನಲ್ ತೆರೆಯಿರಿ. ನಾನು ಇದರಲ್ಲೇ ಅರ್ಧ ಗಂಟೆ ಕಳೆದೆ.

ಹೆಸರು ಎರಡು ತುಂಡಾಗುವುದು

ಒಳಗಿನ ಡಬಲ್ ಕೋಟ್ ಏಕೆ ಎಂಬುದು ಮರುದಿನವೇ ಅನುಭವಕ್ಕೆ ಬಂತು. ಎರಡನೆಯ ಕಂಪ್ಯೂಟರ್‌ನಲ್ಲಿ ಅದನ್ನು ಹಾಕಲು ಮರೆತಿದ್ದೆ. ಫೋಲ್ಡರ್‌ನ ಹೆಸರು ‘ಸ್ಮರಣ ಸಂಚಿಕೆ’. ಸಿಪಿ ಎರಡು ಸಲ ಗೊಣಗಿತು: /ಡೇಟಾ/ಸ್ಮರಣ ಎಂಬ ಕಡತ ಇಲ್ಲ, ಸಂಚಿಕೆ ಎಂಬ ಕಡತ ಇಲ್ಲ.

ಪಿಡಬ್ಲ್ಯುಡಿಯಂತೆ ಬೆಲೆಯೊಂದನ್ನು ಹೊತ್ತ ಹೆಸರಿಗೆ ವೇರಿಯಬಲ್ ಎನ್ನುತ್ತಾರೆ. ಕೋಟ್ ಇಲ್ಲದ ವೇರಿಯಬಲ್‌ನ ಬೆಲೆಯನ್ನು ತುಂಬಿಸಿದ ಮೇಲೆ ಬ್ಯಾಷ್ ಅದನ್ನು ಖಾಲಿ ಜಾಗ, ಟ್ಯಾಬ್, ಹೊಸಸಾಲು ಇದ್ದಲ್ಲೆಲ್ಲ ಕತ್ತರಿಸುತ್ತದೆ. ಆಮೇಲೆ ತುಂಡುಗಳಲ್ಲಿ ನಕ್ಷತ್ರ, ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅವಕ್ಕೆ ಹೊಂದುವ ಕಡತಗಳ ಹೆಸರನ್ನೂ ತುಂಬುತ್ತದೆ. ಡಬಲ್ ಕೋಟ್ ಈ ಎರಡನ್ನೂ ತಡೆಯುತ್ತದೆ. ಇದನ್ನು ಪರೀಕ್ಷಿಸಲು ಬಹಳ ಮಂದಿ ಎಕೋ ಬಳಸುತ್ತಾರೆ. ಎಕೋವನ್ನು ಈ ಕೆಲಸಕ್ಕೆ ನಂಬಬೇಡಿ. ತನಗೆ ಬಂದ ತುಂಡುಗಳನ್ನು ಅದು ನಡುವೆ ಒಂದೊಂದು ಖಾಲಿ ಜಾಗ ಇಟ್ಟು ಜೋಡಿಸಿ ತೋರಿಸುತ್ತದೆ, ಮುರಿದ ಮಡಕೆಗೆ ಅಂಟು ಹಚ್ಚಿ ಕೊಟ್ಟ ಹಾಗೆ. ಬದಲಿಗೆ ಇದನ್ನು ಹೊಡೆಯಿರಿ:

ಪ್ರಿಂಟ್‌ಎಫ್ '[%ಎಸ್]\ಎನ್' $ಪಿಡಬ್ಲ್ಯುಡಿ

ನಮ್ಮಲ್ಲಿ ಬಂದದ್ದು:

[/ಡೇಟಾ/ಸ್ಮರಣ]
[ಸಂಚಿಕೆ]

ಒಂದು ಆವರಣ ಎಂದರೆ ಒಂದು ತುಂಡು. ಅದೇ ಸಾಲನ್ನು "$ಪಿಡಬ್ಲ್ಯುಡಿ" ಎಂದು ಬರೆದು ನೋಡಿ, ಒಂದೇ ಆವರಣ ಬರುತ್ತದೆ. ಇನ್ನೊಂದು ದಾರಿ ಸೆಟ್ -ಎಕ್ಸ್. ಅದನ್ನು ಹಾಕಿದರೆ ಶೆಲ್ ಪ್ರತಿಯೊಂದು ಆಜ್ಞೆಯನ್ನು ನಡೆಸುವ ಮೊದಲು, ಎಲ್ಲ ಬದಲಾವಣೆಗಳೂ ಆದ ಮೇಲಿನ ರೂಪದಲ್ಲಿ, ಮುಂದೆ ಕೂಡಿಸುವ ಚಿಹ್ನೆ ಇಟ್ಟು ತೋರಿಸುತ್ತದೆ. ಸೆಟ್ +ಎಕ್ಸ್ ಎಂದರೆ ನಿಲ್ಲುತ್ತದೆ.

ನಕಲಿಸುವಾಗ ತುಂಡಾದರೆ ಒಂದು ಬೈಗುಳ ಬರುತ್ತದೆ, ಅಷ್ಟೇ. ಅಳಿಸುವಾಗ ತುಂಡಾದರೆ ಕತೆ ಬೇರೆ. ಒಂದೇ ಜಾಗದಲ್ಲಿ ‘ಆಮಂತ್ರಣ’ ಎಂಬ ಫೋಲ್ಡರ್ ಇದೆ, ‘ಆಮಂತ್ರಣ ಹಳೆಯದು’ ಎಂಬುದೂ ಇದೆ ಎಂದುಕೊಳ್ಳಿ. ಹಳೆಯದನ್ನು ಅಳಿಸಬೇಕು. ಎಫ್ ಎಂಬ ವೇರಿಯಬಲ್‌ನಲ್ಲಿ ಅದರ ಹೆಸರಿದೆ. ಆರ್‌ಎಂ -ಆರ್ $ಎಫ್ ಎಂದು ಕೋಟ್ ಇಲ್ಲದೆ ಹೊಡೆದರೆ ಆರ್‌ಎಂ ಕೈಗೆ ಸಿಗುವುದು ಎರಡು ಹೆಸರು. ಮೊದಲನೆಯದು ‘ಆಮಂತ್ರಣ’: ಇವತ್ತು ಮುದ್ರಣಕ್ಕೆ ಹೋಗಬೇಕಾದದ್ದು. ಅದು ಸದ್ದಿಲ್ಲದೆ ಹೋಗುತ್ತದೆ. ಎರಡನೆಯದು ‘ಹಳೆಯದು’: ಅಂಥ ಕಡತ ಇಲ್ಲ ಎಂಬ ಸಂದೇಶ ಪರದೆಯ ಮೇಲೆ ಬರುತ್ತದೆ. ನಾವು ಆ ಸಂದೇಶ ಓದಿ, ಏನೂ ಆಗಲಿಲ್ಲ ಎಂದುಕೊಂಡು ಚಹಾಕ್ಕೆ ಏಳುತ್ತೇವೆ.

ಅಂದ ಹಾಗೆ, ಆ ವೇರಿಯಬಲ್‌ಗೆ ನಾನು ಮೊದಲು ‘ಕಡತ’ ಎಂದೇ ಕನ್ನಡದಲ್ಲಿ ಹೆಸರಿಟ್ಟಿದ್ದೆ. ಅದು ನಡೆಯುವುದಿಲ್ಲ. ಅಲಿಯಾಸ್‌ಗೂ ಫಂಕ್ಷನ್‌ಗೂ (ಹೆಸರಿಟ್ಟ ಆಜ್ಞೆಗಳ ಕಟ್ಟು) ಕನ್ನಡದ ಹೆಸರು ಒಪ್ಪುವ ಬ್ಯಾಷ್, ವೇರಿಯಬಲ್ ಎಂದ ಕೂಡಲೇ ಇಂಗ್ಲಿಷ್ ಅಕ್ಷರ, ಅಂಕೆ, ಅಡಿಗೆರೆ ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಇಡೀ ಸಾಲನ್ನೇ ಒಂದು ಆಜ್ಞೆ ಎಂದು ತಿಳಿದು, ಅಂಥ ಆಜ್ಞೆ ಸಿಗಲಿಲ್ಲ ಎನ್ನುತ್ತದೆ.

ಯಾವ ಕೋಟ್ ಎಷ್ಟು ಬಿಗಿ ಎಂಬುದು ನೆನಪಿದ್ದರೆ ಅರ್ಧ ಕೆಲಸ ಆದಂತೆ. ಸಿಂಗಲ್ ಕೋಟ್ ತೆರೆದ ಮೇಲೆ ಮುಂದಿನ ಸಿಂಗಲ್ ಕೋಟ್ ಬರುವವರೆಗೆ ಯಾವುದಕ್ಕೂ ವಿಶೇಷ ಅರ್ಥ ಇಲ್ಲ, ಹಿಂದೋರೆಗೂ (\) ಇಲ್ಲ. ಹಾಗಾಗಿ ಅದರೊಳಗೆ ಇನ್ನೊಂದು ಸಿಂಗಲ್ ಕೋಟ್ ಇಡಲು ಸಾಧ್ಯವೇ ಇಲ್ಲ. ಮುಚ್ಚಿ, ಹಿಂದೋರೆ ಹಾಕಿ ಒಂದು ಕೋಟ್ ಬರೆದು, ಮತ್ತೆ ತೆರೆಯಬೇಕು: '\''. ನೋಡಲು ಇರುವೆ ಹರಿದಂತಿದ್ದರೂ ಅದು ಸರಿಯಾದ ದಾರಿಯೇ. ಡಬಲ್ ಕೋಟ್‌ನೊಳಗೆ ಡಾಲರ್, ಹಿಮ್ಮೊಗದ ಕೋಟ್ (`), ಹಿಂದೋರೆ ಜೀವಂತ. ಟರ್ಮಿನಲ್‌ನಲ್ಲಿ ನೇರವಾಗಿ ಹೊಡೆಯುವಾಗ ಉದ್ಗಾರ ಚಿಹ್ನೆಯೂ ಜೀವಂತ: "ಬನ್ನಿ!ಎಲ್ಲರೂ ಬನ್ನಿ" ಎಂದು ಕರಪತ್ರದ ಸಾಲು ಹೊಡೆದವರಿಗೆ ಶೆಲ್ ಹಳೆಯ ಆಜ್ಞೆಗಳ ಪಟ್ಟಿಯಲ್ಲಿ ‘ಎಲ್ಲರೂ’ ಎಂಬುದನ್ನು ಹುಡುಕಿ ಸಿಗಲಿಲ್ಲ ಎನ್ನುತ್ತದೆ. ಹೋಮ್ ಅನ್ನು ಸೂಚಿಸುವ ~ ಚಿಹ್ನೆ ಮಾತ್ರ ಯಾವ ಕೋಟ್‌ನೊಳಗೂ ಕೆಲಸ ಮಾಡುವುದಿಲ್ಲ. "~/ಹಳೆಯದು" ಸಿಗಲಿಲ್ಲ ಎಂದರೆ ಅದನ್ನು "$ಹೋಮ್/ಹಳೆಯದು" ಎಂದು ಬರೆಯಿರಿ.

‘ಉಳಿಸು ಆಮಂತ್ರಣ’ ಎಂದಾಗ ಆದದ್ದು

ಸರಿಯಾಯಿತು ಎಂದು ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ಅಕ್ಕ ಕರೆದರು. “ಅಣ್ಣ, ಎಲ್ಲವನ್ನೂ ಉಳಿಸುವುದು ಏಕೆಂದು ಉಳಿಸು ಆಮಂತ್ರಣ ಎಂದು ಹೊಡೆದೆ. ಈಗ ಆಮಂತ್ರಣದೊಳಗೆ ಏನೇನೋ ಬಂದು ಕುಳಿತಿದೆ.”

ಅವರು ಹೊಡೆದದ್ದು ಭಾಷೆಯ ದೃಷ್ಟಿಯಿಂದ ಸಹಜವೇ. ಆದರೆ ಅಲಿಯಾಸ್‌ಗೆ ಇಂಥದ್ದನ್ನು ತೆಗೆದುಕೊಂಡು ಇಂಥ ಜಾಗದಲ್ಲಿ ಇಡುವ ಬುದ್ಧಿ ಇಲ್ಲ. ಮಂಜೇಶ್ವರ ಎಂದು ನಾವು ಬರೆದರೂ ಫಲಕದಲ್ಲಿ ಮಂಜೇಶ್ವರಂ ಎಂದಿದ್ದರೂ ಬಸ್ ನಿಲ್ಲುವುದು ಒಂದೇ ಕಡೆ. ಅಲಿಯಾಸ್‌ನ ಸಾಮರ್ಥ್ಯ ಅಷ್ಟೇ, ಒಂದು ಹೆಸರು ತೆಗೆದು ಅದರ ಜಾಗದಲ್ಲಿ ಇನ್ನೊಂದು ಪಠ್ಯ ಇಡುವುದು. ಮುಂದೆ ಹೊಡೆದದ್ದೆಲ್ಲ ಇದ್ದ ಹಾಗೆಯೇ ಬಾಲಕ್ಕೆ ಅಂಟುತ್ತದೆ. ಆಗ ಸಾಲು ಹೀಗಾಯಿತು:

ಸಿಪಿ -ಆರ್ "$ಪಿಡಬ್ಲ್ಯುಡಿ" /ಮೀಡಿಯಾ/ಅಂಗಡಿ/ಪೆನ್/ಕಾಪು ಆಮಂತ್ರಣ

ಸಿಪಿಗೆ ಕೊನೆಯ ಹೆಸರು ಎಂದರೆ ಎಲ್ಲಿಗೆ ನಕಲಿಸಬೇಕು ಎಂಬ ಜಾಗ. ಅದಕ್ಕೆ ಈಗ ಜಾಗ ‘ಆಮಂತ್ರಣ’. ನಕಲಿಸಬೇಕಾದದ್ದು ನಿಂತಿರುವ ಫೋಲ್ಡರ್ ಮತ್ತು ಪೆನ್ ಡ್ರೈವ್‌ನ ಕಾಪು. ಒಂದು ಫೋಲ್ಡರ್ ಅನ್ನು ಅದರೊಳಗೇ ನಕಲಿಸಲಾಗದು ಎಂದು ಒಂದು ದೂರು ಹೇಳಿ, ಪೆನ್ ಡ್ರೈವ್‌ನಲ್ಲಿದ್ದ ಹಳೆಯ ಪ್ರತಿಗಳನ್ನೆಲ್ಲ ಕೆಲಸದ ಫೋಲ್ಡರ್‌ನೊಳಗೆ ತಂದು ಸುರಿದಿತ್ತು. ಹೊರಗೆ ಹೋಗಬೇಕಾದ ಸರಕು ಒಳಗೆ ಬಂದಿತ್ತು.

1970ರ ದಶಕದ ಕೊನೆಗೆ ಬಿಲ್ ಜಾಯ್ ಬರೆದ ಸಿ ಶೆಲ್‌ನಲ್ಲಿ ಅಲಿಯಾಸ್‌ನ ನಡುವೆ ಬೇಕಾದಲ್ಲಿ ಹೆಸರನ್ನು ಸೇರಿಸುವ ಉಪಾಯ ಇತ್ತು. 1989ರಲ್ಲಿ ಬಂದ ಬ್ಯಾಷ್‌ನಲ್ಲಿ ಅದಿಲ್ಲ. ಬ್ಯಾಷ್‌ನ ಕೈಪಿಡಿಯೇ ಅಲಿಯಾಸ್‌ನ ನಿಯಮಗಳು ತುಸು ಗೊಂದಲದವು ಎಂದು ಒಪ್ಪಿಕೊಂಡು, ಹೆಚ್ಚುಕಡಿಮೆ ಎಲ್ಲ ಕೆಲಸಕ್ಕೂ ಫಂಕ್ಷನ್ ವಾಸಿ ಎನ್ನುತ್ತದೆ. ನಾನು ಆ ಮಾತನ್ನು ಮೊದಲೇ ಕೇಳಬೇಕಿತ್ತು. ಫಂಕ್ಷನ್ ಹೀಗೆ:

ಉಳಿಸು() { ಸಿಪಿ -ಆರ್ -ಟಿ /ಮೀಡಿಯಾ/ಅಂಗಡಿ/ಪೆನ್/ಕಾಪು -- "$@"; }

ಇದರಲ್ಲಿ "$@" ಎಂದರೆ ಹೊಡೆದ ಎಲ್ಲ ಹೆಸರುಗಳೂ, ಒಂದೊಂದೂ ತುಂಡಾಗದೆ. ಸುತ್ತಲಿನ ಡಬಲ್ ಕೋಟ್ ತೆಗೆದರೆ ಮತ್ತೆ ಹಳೆಯ ರೋಗ. -ಟಿ ಎಂಬುದು ಜಾಗವನ್ನು ಮೊದಲೇ ಹೇಳಿಬಿಡುತ್ತದೆ. ಪೆನ್ ಡ್ರೈವ್ ಚುಚ್ಚಲು ಮರೆತಿದ್ದರೆ ಅಂಥ ಫೋಲ್ಡರ್ ಇಲ್ಲ ಎಂದು ಅಲ್ಲಿಯೇ ನಿಲ್ಲುತ್ತದೆ. ಏನನ್ನೂ ಕೊಡದೆ ಬರೀ ಉಳಿಸು ಎಂದರೆ ಕಡತದ ಹೆಸರು ಎಲ್ಲಿ ಎಂದು ಕೇಳುತ್ತದೆ, ಊಹೆ ಮಾಡುವುದಿಲ್ಲ. ನನಗೆ ಬೇಕಾದದ್ದೂ ಅದೇ.

ಈ ಸಾಲನ್ನು ಹಾಕಿದ ಕೂಡಲೇ ಆವರಣ ಚಿಹ್ನೆಯ ಹತ್ತಿರ ವ್ಯಾಕರಣ ದೋಷ ಎಂಬ ಸಂದೇಶ ಬಂದರೆ ಸಾಲಿನಲ್ಲಿ ತಪ್ಪು ಹುಡುಕಬೇಡಿ. ಹಳೆಯ ಅಲಿಯಾಸ್ ಇನ್ನೂ ಬದುಕಿದೆ ಎಂದು ಅರ್ಥ. ‘ಉಳಿಸು’ ಸಾಲಿನ ಮೊದಲ ಪದವಾದ್ದರಿಂದ ಫಂಕ್ಷನ್ ಎಂದು ಗುರುತಿಸುವ ಮೊದಲೇ ಶೆಲ್ ಅದನ್ನು ಸಿಪಿ -ಆರ್ ಎಂದು ಬದಲಾಯಿಸಿರುತ್ತದೆ. ಅನ್‌ಅಲಿಯಾಸ್ ಉಳಿಸು ಎಂದು ಮೊದಲು ಅದನ್ನು ತೆಗೆಯಿರಿ, ಬ್ಯಾಷ್‌ಆರ್‌ಸಿಯಿಂದಲೂ ಅಳಿಸಿ.

ರಾತ್ರಿಯ ಕೆಲಸದಲ್ಲಿ ಅಲಿಯಾಸ್ ಕಾಣೆ

ಮರೆತರೂ ನಡೆಯಲಿ ಎಂದು ರಾತ್ರಿ ಒಂಬತ್ತಕ್ಕೆ ಹೊತ್ತಿಗೆ ಸರಿಯಾಗಿ ತಾನೇ ಆಜ್ಞೆ ನಡೆಸುವ ಕ್ರಾನ್‌ನಲ್ಲಿ ಉಳಿಸು ಎಂದು ಹಾಕಿದ್ದೆ. ಅಂಥ ಆಜ್ಞೆ ಇಲ್ಲ ಎಂಬ ಉತ್ತರ. ಇದಕ್ಕೆ ಕಾರಣಗಳು ಒಂದರ ಮೇಲೊಂದು ಪೇರಿಸಿಕೊಂಡಿವೆ. ಕ್ರಾನ್ ಕರೆಯುವುದು ಎಸ್‌ಎಚ್ ಎಂಬ ಶೆಲ್ ಅನ್ನು, ಉಬುಂಟುವಿನಲ್ಲಿ 6.10ರ ಆವೃತ್ತಿಯಿಂದ ಅದು ಬ್ಯಾಷ್ ಅಲ್ಲ, ಡ್ಯಾಷ್. ಅದು ಬ್ಯಾಷ್‌ಆರ್‌ಸಿಯನ್ನು ಓದುವುದಿಲ್ಲ. ಬಲವಂತವಾಗಿ ಓದಿಸಿದರೂ ಉಬುಂಟುವಿನ ಬ್ಯಾಷ್‌ಆರ್‌ಸಿಯ ತಲೆಯಲ್ಲೇ, ಎದುರಿಗೆ ಮನುಷ್ಯ ಕುಳಿತಿಲ್ಲದಿದ್ದರೆ ಇಲ್ಲಿಂದಲೇ ಹಿಂದಿರುಗು ಎಂಬ ಸಾಲು ಇದೆ. ಅದನ್ನೂ ದಾಟಿದರೆ, ಸ್ಕ್ರಿಪ್ಟ್ ನಡೆಸುವ ಬ್ಯಾಷ್ ತಾನಾಗಿ ಅಲಿಯಾಸ್‌ಗಳನ್ನು ಬಿಡಿಸುವುದೇ ಇಲ್ಲ. ಅದಕ್ಕೆ ಎಕ್ಸ್‌ಪ್ಯಾಂಡ್ ಅಲಿಯಾಸಸ್ ಎಂಬ ಆಯ್ಕೆ ಹಾಕಬೇಕು. ಹಾಕಬಹುದು, ಆದರೆ ನಾನು ಹಾಕಲಿಲ್ಲ. ಉಳಿಸು ಎಂಬ ಹೆಸರಿನಲ್ಲಿಯೇ ಒಂದು ಸ್ಕ್ರಿಪ್ಟ್ ಕಡತ ಮಾಡಿ, ಮೊದಲ ಸಾಲಿನಲ್ಲಿ #!/ಬಿನ್/ಬ್ಯಾಷ್ ಎಂದು ಬರೆದು, ಓಡುವ ಅನುಮತಿ ಕೊಟ್ಟು, ಕ್ರಾನ್‌ನಲ್ಲಿ ಅದರ ಪೂರ್ಣ ವಿಳಾಸ ಮತ್ತು ನಕಲಿಸಬೇಕಾದ ಫೋಲ್ಡರ್ ಎರಡನ್ನೂ ಕೊಟ್ಟೆ. ಕಡತ ಯಾರು ಕರೆದರೂ ಸಿಗುತ್ತದೆ.

ಆಡಳಿತಗಾರನ ಅಧಿಕಾರದಲ್ಲಿ ಆಜ್ಞೆ ನಡೆಸುವ ಸುಡೊ ಮುಂದೆ ಅಲಿಯಾಸ್ ನಡೆಯದಿರುವುದಕ್ಕೆ ಬೇರೆಯೇ ಕಾರಣ: ಶೆಲ್ ಅಲಿಯಾಸ್ ಹುಡುಕುವುದು ಆಜ್ಞೆಯ ಮೊದಲ ಪದದಲ್ಲಿ ಮಾತ್ರ, ಅಲ್ಲಿ ಕುಳಿತಿರುವುದು ಸುಡೊ. ಅಲಿಯಾಸ್ ಸುಡೊ='ಸುಡೊ ' ಎಂದು ಕೊನೆಯಲ್ಲಿ ಒಂದು ಖಾಲಿ ಜಾಗ ಬಿಟ್ಟು ಬರೆದರೆ ಮುಂದಿನ ಪದವನ್ನೂ ನೋಡುತ್ತದೆ. ಫಂಕ್ಷನ್‌ಗೆ ಈ ಉಪಾಯ ಫಲಿಸದು.

ಒಂದೇ ಸಾಲಿನಲ್ಲಿ ಅಲಿಯಾಸ್ ಮಾಡಿ, ಅರ್ಧವಿರಾಮ ಹಾಕಿ, ಅಲ್ಲಿಯೇ ಅದನ್ನು ಬಳಸಿದರೂ ಸಿಗುವುದಿಲ್ಲ. ಶೆಲ್ ಇಡೀ ಸಾಲನ್ನು ಓದಿ ಮುಗಿಸಿದ ಮೇಲೆಯೇ ನಡೆಸಲು ಹೊರಡುತ್ತದೆ. ಅಲಿಯಾಸ್ ಬಿಡಿಸುವುದು ಓದುವಾಗ. ಎರಡು ಸಾಲು ಮಾಡಿ.

ಸಮ ಚಿಹ್ನೆಯ ಎರಡೂ ಬದಿ ಜಾಗ ಬಿಡುವುದೂ ಸಾಮಾನ್ಯ ತಪ್ಪು. ಅಲಿಯಾಸ್ ಪಟ್ಟಿ = 'ಎಲ್‌ಎಸ್ -ಎಲ್' ಎಂದರೆ ಪಟ್ಟಿ, =, ಎಲ್‌ಎಸ್ -ಎಲ್ ಎಂಬ ಮೂರು ಅಲಿಯಾಸ್‌ಗಳನ್ನು ತೋರಿಸು ಎಂದು ಕೇಳಿದಂತೆ. ಮೂರೂ ಇಲ್ಲ ಎಂದು ಮೂರು ಸಲ ಹೇಳುತ್ತದೆ.

ಸೊಟ್ಟ ಕೋಟ್‌ಗಳು

ಡಿ.ಟಿ.ಪಿ. ಮಾಡುವವರನ್ನು ಅತಿ ಹೆಚ್ಚು ಕಾಡುವುದು ಇದೇ. ಆಜ್ಞೆಯನ್ನು ಲಿಬ್ರೆ ಆಫೀಸ್‌ನಲ್ಲಿ ಬರೆದಿಟ್ಟುಕೊಂಡಿರುತ್ತೇವೆ, ಅಥವಾ ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿರುತ್ತಾರೆ. ಬರವಣಿಗೆಯ ತಂತ್ರಾಂಶ ನೆಟ್ಟಗಿನ ಕೋಟ್ ಅನ್ನು ಮುದ್ರಣಕ್ಕೆ ಚೆಂದ ಕಾಣುವ ಬಾಗಿದ ಕೋಟ್ ಮಾಡಿರುತ್ತದೆ. ಪುಸ್ತಕದಲ್ಲಿ ಅದೇ ಸರಿ, ನಾನೂ ಹುಡುಗರಿಗೆ ಅದನ್ನೇ ಹಾಕಿ ಎನ್ನುತ್ತೇನೆ. ಶೆಲ್‌ಗೆ ಮಾತ್ರ ಬಾಗಿದ ಕೋಟ್ ಎಂದರೆ ‘ಕ’ ಅಥವಾ ‘ಗ’ ಇದ್ದ ಹಾಗೆ ಇನ್ನೊಂದು ಅಕ್ಷರ.

ಅಲಿಯಾಸ್ ಪಟ್ಟಿ=‘ಎಲ್‌ಎಸ್ -ಎಲ್’

ಇದನ್ನು ಅಂಟಿಸಿದರೆ, -ಎಲ್’ ಎಂಬ ಅಲಿಯಾಸ್ ಇಲ್ಲ ಎಂಬ ವಿಚಿತ್ರ ಸಂದೇಶ. ಆಮೇಲೆ ಪಟ್ಟಿ ಎಂದರೆ ‘ಎಲ್‌ಎಸ್ ಎಂಬ ಆಜ್ಞೆ ಸಿಗಲಿಲ್ಲ ಎನ್ನುತ್ತದೆ. ಆ ಸಂದೇಶದಲ್ಲಿ ಎಲ್‌ಎಸ್‌ನ ಎಡಕ್ಕೆ ಅಂಟಿಕೊಂಡಿರುವ ಸಣ್ಣ ಬಾಲವೇ ಅಪರಾಧಿ, ಆದರೆ ಕಣ್ಣು ಅದನ್ನು ಸಂದೇಶದ ಅಲಂಕಾರ ಎಂದು ದಾಟಿಬಿಡುತ್ತದೆ. ಕಣ್ಣನ್ನು ನಂಬದೆ, ಅಕ್ಷರಗಳ ಹಿಂದಿನ ಸಂಕೇತಗಳನ್ನು ಸಂಖ್ಯೆಗಳಾಗಿ ತೋರಿಸುವ ‘ಓಡಿ -ಸಿ’ ಎಂಬ ಆಜ್ಞೆಗೆ ಆ ಕಡತವನ್ನು ಕೊಡಿ. ನೆಟ್ಟಗಿನ ಕೋಟ್ ಕೋಟ್ ಆಗಿಯೇ ಕಾಣುತ್ತದೆ. ಬಾಗಿದ ಸಿಂಗಲ್ ಕೋಟ್‌ಗಳು 342 200 230 ಮತ್ತು 342 200 231 ಎಂದು ಮೂರು ಮೂರು ಸಂಖ್ಯೆಗಳಾಗಿ ಬರುತ್ತವೆ. ಬಾಗಿದ ಡಬಲ್ ಕೋಟ್‌ಗಳ ಕೊನೆಯ ಸಂಖ್ಯೆ 234 ಮತ್ತು 235. ಅಡ್ಡಗೆರೆ ಉದ್ದವಾಗಿದ್ದರೆ 342 200 223. ಮುರಿಯದ ಖಾಲಿ ಜಾಗ ಸೇರಿಕೊಂಡಿದ್ದರೆ 302 240. ಈ ಐದಾರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ನ ಬದಿಗೆ ಅಂಟಿಸಿದ್ದೇನೆ.

ಇದರ ತದ್ವಿರುದ್ಧ ರೋಗವೂ ಇದೆ: ಎಂಟರ್ ಒತ್ತಿದ ಮೇಲೆ ಏನೂ ಆಗದೆ ಬರೀ > ಚಿಹ್ನೆ ಬರುವುದು. ತೆರೆದ ನೆಟ್ಟಗಿನ ಕೋಟ್ ಮುಚ್ಚಿಲ್ಲ ಎಂದು ಅರ್ಥ. ಕಂಟ್ರೋಲ್ ಸಿ ಒತ್ತಿ ಹೊರಗೆ ಬನ್ನಿ.

ಅಕ್ಕನ ಕೀಲಿಮಣೆಯ ತೊಂದರೆ ಇನ್ನೊಂದು ಬಗೆಯದು. ಇನ್‌ಸ್ಕ್ರಿಪ್ಟ್‌ನಲ್ಲಿ ಕೋಟ್ ಇರುವ ಕೀಲಿ ಒತ್ತಿದರೆ ‘ಟ’ ಬರುತ್ತದೆ, ಶಿಫ್ಟ್ ಜೊತೆ ಒತ್ತಿದರೆ ‘ಠ’. ಅವರು ಕೋಟ್ ಹಾಕದೆ ಇದ್ದದ್ದು ಉದಾಸೀನದಿಂದಲ್ಲ. ಹೆಸರಿನ ಮೊದಲೆರಡು ಅಕ್ಷರ ಹೊಡೆದು ಟ್ಯಾಬ್ ಒತ್ತಲು ಹೇಳಿಕೊಟ್ಟೆ. ಖಾಲಿ ಜಾಗದ ಮುಂದೆ ಹಿಂದೋರೆಯನ್ನು ಶೆಲ್ಲೇ ಹಾಕಿಕೊಳ್ಳುತ್ತದೆ.

“ಪಟ್ಟಿ ಎಂದರೆ ಕೆಲವು ಹೆಸರಿನ ಸುತ್ತ ಕೋಟ್ ಕಾಣುತ್ತದಲ್ಲ, ಅದನ್ನು ತೆಗೆಯಬೇಕೇ?” ಎಂದು ಕೇಳಿದರು. ಬೇಡ. ಅದು ಕಡತದ ಹೆಸರಿನಲ್ಲಿ ಇಲ್ಲ. 2016ರಿಂದ ಎಲ್‌ಎಸ್, ಖಾಲಿ ಜಾಗ ಮುಂತಾದವು ಇರುವ ಹೆಸರನ್ನು ಪರದೆಗೆ ತೋರಿಸುವಾಗ ಮಾತ್ರ ಕೋಟ್‌ನಲ್ಲಿ ಇಟ್ಟು ತೋರಿಸುತ್ತದೆ.

ಕೋಟ್ ಸರಿಯಿದ್ದೂ ಕಡತ ಸಿಗದಿದ್ದರೆ

ಇದು ನಮ್ಮ ಲಿಪಿಯ ಪಾಲಿನದು. ‘ಪೋಸ್ಟರ್’ ಎಂದು ಕಡತಕ್ಕೆ ಹೆಸರಿದೆ, ಪೋಸ್ಟರ್ ಎಂದೇ ಹೊಡೆದಿದ್ದೇವೆ, ಆದರೂ ಇಲ್ಲ ಎನ್ನುತ್ತದೆ. ‘ಪೋಸ್ಟರ್‌ಗಳು’ ಎಂದು ಬರೆಯುವಾಗ ಅರ್ಧಾಕ್ಷರ ಮುಂದಿನದಕ್ಕೆ ಒತ್ತಾಗದಿರಲಿ ಎಂದು ಕಾಣದ ಒಂದು ಅಕ್ಷರ ಹಾಕುತ್ತೇವಲ್ಲ, ಅದು ಪದದ ಕೊನೆಯಲ್ಲಿಯೂ ಅಭ್ಯಾಸಬಲದಿಂದ ಬಿದ್ದಿರುತ್ತದೆ. ಎಲ್‌ಎಸ್‌ನ ಹೊರಹರಿವನ್ನು ಓಡಿ -ಸಿಗೆ ಕೊಟ್ಟು ನೋಡಿ: 342 200 214 ಕಂಡರೆ ಅದೇ.

‘ಕಾಸರಗೋಡು’ ಎಂಬ ಫೋಲ್ಡರ್ ಅಂತೂ ನನ್ನನ್ನು ಒಂದು ಇಡೀ ಮಧ್ಯಾಹ್ನ ಆಡಿಸಿತು. ಗಿರಾಕಿಯೊಬ್ಬರು ಹಳೆಯ ಮ್ಯಾಕ್‌ನಿಂದ ತಂದದ್ದು. ಒಂದೇ ಹೆಸರಿನ ಎರಡು ಫೋಲ್ಡರ್ ಪಕ್ಕಪಕ್ಕದಲ್ಲಿ! ‘ಗೋ’ದಲ್ಲಿರುವ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಓಡಿ -ಸಿಯಲ್ಲಿ 340 263 213. ಎತ್ವ, ಕೊಂಬಿನ ದೀರ್ಘ, ಮತ್ತೊಂದು ದೀರ್ಘ ಚಿಹ್ನೆ ಎಂದು ಮೂರು ಸಂಕೇತವಾಗಿಯೂ ಬರೆಯಬಹುದು. ಆಗ ಒಂಬತ್ತು ಸಂಖ್ಯೆಗಳು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್ ಬೈಟ್‌ಗಳನ್ನು ಮಾತ್ರ ಹೋಲಿಸುತ್ತದೆ, ಅದಕ್ಕೆ ಅವು ಬೇರೆ ಬೇರೆ ಊರುಗಳು. ಕೋಟ್ ಎಷ್ಟು ಹಾಕಿದರೂ ಪ್ರಯೋಜನ ಇಲ್ಲ, ಹೆಸರನ್ನೇ ಬದಲಾಯಿಸಬೇಕು.

ಮ್ಯಾಕ್‌ನ ಮಾತು ಬಂದದ್ದಕ್ಕೆ: 2019ರ ಕ್ಯಾಟಲೀನಾದಿಂದ ಅಲ್ಲಿ ಮೂಲ ಶೆಲ್ ಝಡ್‌ಎಸ್‌ಎಚ್. ಕೋಟ್ ಇಲ್ಲದ ವೇರಿಯಬಲ್ ಅನ್ನು ಅದು ಖಾಲಿ ಜಾಗದಲ್ಲಿ ಕತ್ತರಿಸುವುದಿಲ್ಲ. ‘ನನ್ನಲ್ಲಿ ಕೋಟ್ ಇಲ್ಲದೆಯೇ ನಡೆಯುತ್ತದೆ’ ಎಂದು ಯಾರಾದರೂ ಗಲ್ಫ್‌ನಿಂದ ಫೋನಿನಲ್ಲಿ ಹೇಳಿದರೆ ಅವರದು ಸುಳ್ಳಲ್ಲ, ಆದರೆ ನಿಮ್ಮ ಬ್ಯಾಷ್‌ಗೆ ಅದು ಅನ್ವಯಿಸದು.

ಕೊನೆಗೆ ಎಲ್ಲ ಸರಿಪಡಿಸಿ, ಡಿಫ್ -ಆರ್ ಹಾಕಿ ಡಿಸ್ಕ್‌ನ ಫೋಲ್ಡರ್ ಮತ್ತು ಪೆನ್ ಡ್ರೈವ್‌ನ ಪ್ರತಿಯನ್ನು ಹೋಲಿಸಿದೆ. ಒಂದೇ ಒಂದು ಕಡತ ಬಾಕಿ: ‘ಪುನ:ಮುದ್ರಣ’. ಸಿಪಿ ಅದನ್ನು ಸೃಷ್ಟಿಸಲು ಆಗುವುದಿಲ್ಲ ಎನ್ನುತ್ತಿತ್ತು. ಸಿಂಗಲ್ ಕೋಟ್, ಡಬಲ್ ಕೋಟ್, ಹಿಂದೋರೆ, ಎಲ್ಲವನ್ನೂ ಹಾಕಿ ನೋಡಿದೆ. ಪ್ರಿಂಟ್‌ಎಫ್‌ನಲ್ಲಿ ಹೆಸರು ಒಂದೇ ಆವರಣದೊಳಗೆ ಅಚ್ಚುಕಟ್ಟಾಗಿಯೇ ಬರುತ್ತಿತ್ತು, ಅಂದರೆ ಶೆಲ್‌ನ ತಪ್ಪಲ್ಲ. ಪೆನ್ ಡ್ರೈವ್ ಇದ್ದದ್ದು ಫ್ಯಾಟ್ ಕಡತ ವ್ಯವಸ್ಥೆಯಲ್ಲಿ. ಅಲ್ಲಿ ಹೆಸರಿನೊಳಗೆ ವಿವರಣ ಚಿಹ್ನೆ (:) ಇರಬಾರದು, ಇಲ್ಲಿ ವಿಸರ್ಗದ ಬದಲು ಅದೇ ಕುಳಿತಿತ್ತು. ಅಕ್ಕ ನೋಡಿ ನಕ್ಕು, ಹೆಸರನ್ನು ‘ಪುನರ್ಮುದ್ರಣ’ ಎಂದು ತಿದ್ದಿ, ಉಳಿಸು ಹೊಡೆದರು. ಡಿಫ್ ಏನೂ ಹೇಳದೆ ಸುಮ್ಮನೆ ಹಿಂದಿರುಗಿತು.